ಒಂದೂವರೆ ಇಂಚು

ಯಾವ ಪೈಪು ಅನ್ನುವುದು ಮೂರು ವಾರವಾದರೂ ತೀರ್ಮಾನವಾಗಿರಲಿಲ್ಲ. ಎಂಜಿನ್ ಕೂತಾಗಿತ್ತು, ಗೇರ್‌ಬಾಕ್ಸಿಗೆ ಹೊಂದುವ ತಟ್ಟೆ ಕೊರೆಸಿ ಬಿಗಿದಾಗಿತ್ತು, ಮುಂದಿನ ಡಿಕ್ಕಿಯ ತಳ ಕತ್ತರಿಸಿ ರೇಡಿಯೇಟರಿಗೆ ಜಾಗ ಮಾಡಿದ್ದೂ ಆಗಿತ್ತು. ಉಳಿದಿದ್ದು ಎರಡರ ನಡುವಿನ ಹತ್ತಡಿ ಮಾತ್ರ. ಕಾರು ಹಳೆಯ ಕಾಲದ್ದು, ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಮೊದಲಿದ್ದ ಎಂಜಿನ್ನಿಗೆ ನೀರೇ ಬೇಕಿರಲಿಲ್ಲ, ಬೀಸುವ ಗಾಳಿಯಲ್ಲೇ ತಣ್ಣಗಾಗುತ್ತಿತ್ತು. ಅದರ ಬಿಡಿಭಾಗ ಸಿಗುವುದು ನಿಂತ ಮೇಲೆ, ಗುದ್ದಿಕೊಂಡು ನುಜ್ಜಾದ ಬೇರೊಂದು ಸಣ್ಣ ಕಾರಿನಿಂದ ಮೆಕ್ಯಾನಿಕ್ ನೀರಿನ ಎಂಜಿನ್ ತಂದು ಕೂರಿಸಿದ್ದ. ನೀರು ತಣಿಯಲು ಗಾಳಿ ಬೇಕು, ಗಾಳಿ ಸಿಗುವುದು ಕಾರಿನ ಮೂತಿಯಲ್ಲಿ. ಹಾಗಾಗಿ ಕುದಿಯುವ ನೀರು ಒಂದು ಪೈಪಿನಲ್ಲಿ ಮುಂದಕ್ಕೆ ಹೋಗಬೇಕು, ತಣಿದು ಇನ್ನೊಂದರಲ್ಲಿ ಹಿಂದಕ್ಕೆ ಬರಬೇಕು. ಇಷ್ಟೇ ಕೆಲಸ. ಮೂವತ್ತು ವರ್ಷ ಅನುಭವದ ಮೆಕ್ಯಾನಿಕ್ಕಿಗೆ ನೀರು ಕುಡಿದಷ್ಟು ಸುಲಭವಾಗಬೇಕಿತ್ತು. ಅವನು ಮಾತ್ರ ದಿನಾ ಬೆಳಿಗ್ಗೆ ಕಾರಿನ ಕೆಳಗೆ ಮಲಗಿ, ಅಳತೆಪಟ್ಟಿ ಎಳೆದು, ನಿನ್ನೆ ಬಂದಷ್ಟೇ ಅಳತೆ ಇವತ್ತೂ ಬಂತೆಂದು ಗುರುತು ಹಾಕಿಕೊಂಡು ಎದ್ದು ಬರುತ್ತಿದ್ದ.

ಹೆಂಡತಿ ಶೆಡ್ಡಿನ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಎದುರಿಗಿದ್ದವರ ಎರಡು ಕಣ್ಣುಗಳ ನಡುವಿನ ಅಂತರವನ್ನು ನೋಡಿಯೇ ಹೇಳುವವಳು. ಕಾರು ಅವಳದ್ದೇ. ಅಂಗಡಿಗೆ ಬರುತ್ತಿದ್ದ ಮುದುಕಿಯೊಬ್ಬಳು ದೃಷ್ಟಿ ಹೋದ ಮೇಲೆ ಇವಳಿಗೆ ಕೊಟ್ಟು ಹೋಗಿದ್ದಳು. ನಾನೇ ಓಡಿಸುತ್ತೇನೆ ಎಂದು ಹೆಂಡತಿ ಹೇಳಿದ ದಿನ ಅವನು ಸಂತೋಷಪಡುವುದೋ ಹೆದರುವುದೋ ತಿಳಿಯದೆ ಟೈರು ಒದ್ದು ನೋಡಿದ್ದ.

"ಇವತ್ತಾದ್ರೂ ಪೈಪು ತರ್ತೀರಾ?"

"ನೋಡ್ಬೇಕು. ತಾಮ್ರನೋ ಅಲ್ಯೂಮಿನಿಯಮ್ಮೋ ಅಂತ."

"ನನ್ನ ನೋಡೋಕೆ ಬಂದಾಗ ಅರ್ಧ ಗಂಟೇಲಿ ಹೂಂ ಅಂದಿದ್ರಿ. ಪೈಪಿಗೆ ಮೂರು ವಾರ."

"ಪೈಪು ಬಾಯಿ ಬಿಟ್ಟು ಮಾತಾಡಲ್ವಲ್ಲ, ಕಷ್ಟ."

ಅವಳು ನಕ್ಕಳು. ಲೋಟ ಕೊಟ್ಟು ಹೊರಡುವ ಮುಂಚೆ, ದಾರಿಯಲ್ಲಿ ತರಕಾರಿ ತರಲೇ ಎಂದು ಕೇಳುವ ದನಿಯಲ್ಲೇ ಕೇಳಿದಳು: "ಅದು ನನ್ನ ಕಾಲ ಹತ್ರ ಹೋಗುತ್ತಾ?"

"ಇಲ್ಲ. ಹೊರಗಿಂದ, ಬಾಗಿಲ ಕೆಳಗೆ. ಒಳಗೆ ಒಂದು ಹನೀನೂ ಬರಲ್ಲ."

"ಸರಿ ಹಾಗಿದ್ರೆ," ಎಂದು ಹೋದಳು. ಎಡಗಾಲನ್ನು ಎಂದಿನಂತೆ ಒಂದು ಕೂದಲೆಳೆ ತಡವಾಗಿ ಎತ್ತುತ್ತ, ಬೇಸಿಗೆಯಲ್ಲೂ ಬಿಡದ ಬೂದುಬಣ್ಣದ ಕಾಲುಚೀಲದಲ್ಲಿ. ಅವಳು ತಿರುವು ದಾಟುವವರೆಗೂ ಅವನು ಆ ಕಾಲನ್ನೇ ನೋಡಿದ. ಎಂಟು ವರ್ಷದಿಂದ ನೋಡುತ್ತಲೇ ಇದ್ದಾನೆ, ಕಣ್ಣಿಗೆ ಅಭ್ಯಾಸವಾಗಿಲ್ಲ.

ಪೈಪುಗಳ ವಿಚಾರದಲ್ಲಿ ಅವನು ಸುಮ್ಮನೆ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ವಾರ ಈ ತುದಿಯಿಂದ ಆ ತುದಿಗೆ ರಬ್ಬರ್ ಹೋಸನ್ನೇ ಎಳೆದು ನೋಡಿದ. ತಂತಿ ಕಟ್ಟಿ ನೇತುಹಾಕಿ ಎಂಜಿನ್ ಚಾಲು ಮಾಡಿದರೆ, ಬಿಸಿಯೇರಿದ ಹಾಗೆ ಹೋಸು ಜೋಲು ಬಿತ್ತು. ವಾಪಸು ಬರುವ ಸಾಲು ಪಂಪಿನ ಎಳೆತಕ್ಕೆ ಚಪ್ಪಟೆಯಾಗಿ ಬಾಯಿ ಮುಚ್ಚಿಕೊಂಡಿತು. ಎರಡನೆಯ ವಾರ ತಾಮ್ರ. ನಲ್ಲಿ ರಿಪೇರಿಯವನು ಪರಿಚಯದವನು, ತಿರುವುಗಳಿಗೆ ಮೊಣಕೈ ತುಂಡುಗಳನ್ನು ಬೆಸುಗೆ ಹಾಕಿ ಕೊಡುತ್ತೇನೆ, ಅಡುಗೆಮನೆಗೆ ಹಾಕಿದಷ್ಟೇ ಸಲೀಸು ಎಂದ. ಅಡುಗೆಮನೆ ಗುಂಡಿಬಿದ್ದ ರಸ್ತೆಯಲ್ಲಿ ಓಡುವುದಿಲ್ಲ. ಆ ಮೆತ್ತನೆಯ ಬೆಸುಗೆ ಆರು ತಿಂಗಳ ಅದುರಾಟಕ್ಕೆ ಸೀಳುತ್ತದೆ. ಅಲ್ಯೂಮಿನಿಯಂ ಹಗುರ, ಬಗ್ಗಿಸಲು ಸುಲಭ, ಆದರೆ ಹೊರಗಿನಿಂದ ಕಲ್ಲು ಬಡಿಯುತ್ತದೆ, ಒಳಗಿನಿಂದ ನೀರು ತಿನ್ನುತ್ತದೆ. ಮಾಮೂಲಿ ಕಬ್ಬಿಣದ ಪೈಪು ತುಕ್ಕು ಕಾರಿ ರೇಡಿಯೇಟರಿನ ಸಂದಿಗಳನ್ನೆಲ್ಲ ಮುಚ್ಚುತ್ತದೆ. ಸರಿಯಾದದ್ದು ಒಂದೇ, ಸ್ಟೇನ್‌ಲೆಸ್ ಸ್ಟೀಲು, ಹೊರ ಅಳತೆ ಮೂವತ್ತೆರಡು ಮಿಲಿಮೀಟರ್, ದಪ್ಪ ಒಂದೂವರೆ. ಇದು ಅವನಿಗೆ ಮೊದಲ ದಿನವೇ ಗೊತ್ತಿತ್ತು. ಕಾರಿನ ಯೋಗ್ಯತೆಗೆ ಮೂಗಿಗಿಂತ ಮೂಗುತಿ ಭಾರ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅದು ನೆಪ. ಸ್ಟೀಲನ್ನು ಸುಕ್ಕು ಬೀಳದಂತೆ ಬಗ್ಗಿಸಬೇಕು, ತುದಿಯಿಂದ ಅರ್ಧ ಬೆರಳು ಒಳಗೆ ಸುತ್ತಲೂ ಒಂದು ಉಬ್ಬು ಎಬ್ಬಿಸಬೇಕು. ರಬ್ಬರ್ ಹೋಸನ್ನು ಆ ಉಬ್ಬು ದಾಟಿಸಿ ಹಿಂದೆ ಕ್ಲಿಪ್ಪು ಬಿಗಿದರೆ ನೀರು ಎಷ್ಟು ತಳ್ಳಿದರೂ ಹೋಸು ಕಳಚುವುದಿಲ್ಲ. ಉಬ್ಬಿಲ್ಲದ ನುಣುಪು ತುದಿಗೆ ಎರಡು ಕ್ಲಿಪ್ಪು ಹಾಕಿದರೂ ಅಷ್ಟೇ, ತಣ್ಣಗಿದ್ದಾಗ ಹಿಡಿದಿರುತ್ತದೆ, ಬಿಸಿಯಾದಾಗ ಜಾರುತ್ತದೆ. ಸ್ಟೀಲಿಗೆ ಉಬ್ಬು ಎಬ್ಬಿಸುವ ಯಂತ್ರ ಇದ್ದದ್ದು ಒಬ್ಬನ ಹತ್ತಿರ. ಎರಡು ಬೀದಿ ಆಚೆಯ ಲೇತ್ ಮೇಸ್ತ್ರಿಯ ಹತ್ತಿರ. ಮೂರು ವಾರ ಅವನು ಆರಿಸುತ್ತಿದ್ದದ್ದು ಪೈಪನ್ನಲ್ಲ, ಆ ಬೀದಿಗೆ ಹೋಗದೆ ಇರುವ ದಾರಿಯನ್ನು.

ಚಹಾ ಆರಿಹೋಗಿತ್ತು. ಗೋಡೆಯ ಮೇಲಿನ ಹಲಗೆಯಲ್ಲಿ ವಾಷರುಗಳ ಡಬ್ಬಿ ಇತ್ತು. ಅದರ ತಳದಲ್ಲಿ ಏನಿದೆಯೆಂದು ಅವನೊಬ್ಬನಿಗೆ ಗೊತ್ತು. ಎಂಟು ವರ್ಷದ ಹಿಂದೆ, ಆವತ್ತೂ ಇದೇ ಶೆಡ್ಡು, ಇದೇ ಹೊತ್ತು, ಒಂದು ವ್ಯಾನು. ಅದಕ್ಕೂ ಎಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ತಳದಲ್ಲಿ ಸೈಲೆನ್ಸರ್ ಅಡ್ಡ ಬಂದದ್ದಕ್ಕೆ ಪೈಪನ್ನು ಒಳಗಿನಿಂದಲೇ ತಂದು, ಮುಂದಿನ ಸೀಟಿನ ಕಾಲಡಿಯಲ್ಲಿ ಹೋಸಿಗೆ ಜೋಡಿಸಿ ಮೇಲೆ ಮ್ಯಾಟು ಹಾಸುವುದೆಂದು ಲೆಕ್ಕ ಹಾಕಿದ್ದ. ಮೇಸ್ತ್ರಿ ಪೈಪು ಚೆನ್ನಾಗಿಯೇ ಮಾಡಿಕೊಟ್ಟಿದ್ದ, ನಾಲ್ಕೂ ತುದಿಗೆ ಉಬ್ಬು ಎಬ್ಬಿಸಿ. ಇವನು ಕೊಟ್ಟ ಅಳತೆಯೇ ತಪ್ಪು. ಕೂರಿಸುವಾಗ ಒಂದು ಪೈಪು ಒಂದೂವರೆ ಇಂಚು ಉದ್ದ ಬಂತು. ಹ್ಯಾಕ್ಸಾ ಬ್ಲೇಡು ಕೈಯಲ್ಲೇ ಇತ್ತು. ಕೊಯ್ದ. ಉಬ್ಬು ಇದ್ದದ್ದು ಆ ಒಂದೂವರೆ ಇಂಚಿನಲ್ಲೇ. ಮತ್ತೆ ಮೇಸ್ತ್ರಿಯ ಹತ್ತಿರ ಒಯ್ದು ಎಬ್ಬಿಸಿಕೊಂಡು ಬರಬೇಕಿತ್ತು, ಹತ್ತು ನಿಮಿಷದ ದಾರಿ. ಹೆಂಡತಿ ತಂಗಿಯ ಮನೆಗೆ ಹೊರಟು ಸೀರೆ ಉಟ್ಟು ನಿಂತಿದ್ದಳು, ಇನ್ನೂ ಎಷ್ಟು ಹೊತ್ತು ರೀ ಎನ್ನುತ್ತಿದ್ದಳು. ಕೊಯ್ದ ಅಂಚನ್ನು ಅರ ಹಾಕಿ ನುಣುಪು ಮಾಡಿದ, ಎರಡು ಕ್ಲಿಪ್ಪು ಬಿಗಿದ, ಆಯ್ತು, ಗಾಡಿ ಹತ್ತು ಎಂದ. ಆ ಅರ ಹಾಕಿದ್ದು ಕೆಟ್ಟ ಉದ್ದೇಶಕ್ಕಲ್ಲ, ಕೈಯ ರೂಢಿ ಅಷ್ಟೇ. ಆಮೇಲೆ ಕೊಯ್ದ ಗುರುತು ಯಾರಿಗೂ ಕಾಣದೆ ಅದೇ ಅವನನ್ನು ಉಳಿಸಿತು. ಏರಿನಲ್ಲಿ, ಅರ್ಧ ದಾರಿಯಲ್ಲಿ, ಮ್ಯಾಟಿನ ಕೆಳಗಿಂದ ಹಬೆ ಬಂತು, ಅವಳ ಕೂಗು ಬಂತು. ಯಾವುದು ಮೊದಲೋ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳ ಅಣ್ಣ ಭುಜ ಹಿಡಿದು ಕೇಳಿದ್ದ, ಏನಾಯ್ತು ಭಾವ, ಹೇಗಾಯ್ತು. "ಪೈಪಿಗೆ ಉಬ್ಬು ಇರ್ಲಿಲ್ಲ," ಎಂದ. ನಿಜ. "ಯಾರು ಮಾಡಿದ್ದು ಪೈಪು?" "ಲೇತ್ ಮೇಸ್ತ್ರಿ." ಅದೂ ನಿಜ. ಎರಡು ನಿಜ ಜೋಡಿಸಿದರೆ ಒಂದು ಸುಳ್ಳು ಇಷ್ಟು ಗಟ್ಟಿಯಾಗಿ ಕೂರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ಮಾರನೆಯ ದಿನ ಮೇಸ್ತ್ರಿಯೇ ಓಡಿ ಬಂದ. ಅವನು ಇವನ ಜೊತೆ ಕೆಲಸ ಕಲಿತವನು, ಹೋಗೋ ಬಾರೋ ಗೆಳೆಯ. ಪೈಪನ್ನು ಕೈಗೆತ್ತಿಕೊಂಡು ನುಣುಪು ತುದಿಯ ಸುತ್ತ ಹೆಬ್ಬೆರಳಾಡಿಸಿದ, ಮತ್ತೊಮ್ಮೆ ಆಡಿಸಿದ. "ನನ್ನ ಕೈಯಿಂದ ಹೀಗೆ ಹೇಗಾಯ್ತೋ?" ಎಂದು ಇವನನ್ನೇ ಕೇಳಿದ. ಇವನು ನೆಲ ನೋಡಿದ. ನಾಲ್ಕು ತಿಂಗಳ ಮೇಲೆ ಹೆಂಡತಿ ಕೋಲೂರಿಕೊಂಡು ಮೇಸ್ತ್ರಿಯ ಅಂಗಡಿಯ ಮುಂದೆ ನಿಂತು, ಬೀದಿಯವರೆಲ್ಲರ ಎದುರು ಕಾಲುಚೀಲ ಬಿಚ್ಚಿ ತೋರಿಸಿ, ನಿನ್ನ ಕೈಗೆ ಏನು ಬಂದಿತ್ತು ಎಂದು ಕೇಳಿ ಬಂದಳಂತೆ. ಬಾಯಿಗೆ ಬಂದ ಹಾಗೆ ಬೈದಳಂತೆ. ಆ ಬೀದಿಯ ಟೈರು ಅಂಗಡಿಯವನು ಹೇಳಿದ್ದು. ಇವನು, ಹೋಗಲಿ ಬಿಡಿ, ಪಾಪ, ಯಾರಿಗೂ ಆಗಬಹುದು, ಎಂದ. ಆ ಒಂದು ಮಾತಿಗೆ ಬೀದಿಯಲ್ಲಿ ದೊಡ್ಡ ಮನಸ್ಸಿನವನು ಎಂದು ಹೆಸರಾಯಿತು. ಆಮೇಲೆ ಅವನು ಆ ಬೀದಿಗೆ ಹೋಗುವುದನ್ನೇ ಬಿಟ್ಟ. ಕೊಯ್ದ ತುಂಡನ್ನು ಎರಡು ಸಲ ಚರಂಡಿಗೆ ಎಸೆಯಲು ಹೋಗಿ, ಯಾರೋ ನೋಡುತ್ತಿದ್ದಾರೆ ಅನ್ನಿಸಿ ವಾಪಸು ತಂದು ಡಬ್ಬಿಗೆ ಹಾಕಿದ್ದ. ಯಾರೂ ನೋಡುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ.

ಅವಳ ಕಾಲ ಹತ್ತಿರ ಹೋಗುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಅವನು ಅಳತೆಯ ಚೀಟಿ ಜೇಬಿಗಿಟ್ಟುಕೊಂಡು, ಅಂಗಡಿಯಲ್ಲಿ ಸ್ಟೀಲ್ ಪೈಪು ಕೊಂಡು, ಹೆಗಲ ಮೇಲೆ ಹೊತ್ತು ಆ ಬೀದಿಗೆ ತಿರುಗಿದ.

ಟೈರಿನವನು ಮೊದಲು ನೋಡಿದ. "ಅಬ್ಬಾ, ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು! ಮತ್ತೆ ಅವನ ಹತ್ರನೇ? ದೊಡ್ಡ ಮನಸ್ಸು ಕಣ್ರೀ ನಿಮ್ದು. ಹುಷಾರು, ಒಂದೊಂದು ತುದಿಗೂ 'ಇದೆ' ಅನ್ನಿಸ್ತಾನೆ. ಬೀದೀಲಿ ಅವನಿಗೆ ಈಗ 'ಇದೆ ಮೇಸ್ತ್ರಿ' ಅಂತಲೇ ಹೆಸರು." ಏನೆಂದು ಇವನಿಗೆ ಅರ್ಥವಾಗಲಿಲ್ಲ. ನಕ್ಕು ಮುಂದೆ ಹೋದ.

ಲೇತ್ ಅಂಗಡಿ ಮೊದಲಿನ ಅರ್ಧದಷ್ಟಾಗಿತ್ತು. ಇನ್ನರ್ಧ ಜಾಗದಲ್ಲಿ ಯಾರೋ ಛತ್ರಿ ರಿಪೇರಿಯವನು ಕೂತಿದ್ದ. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ನೋಡಿದ. "ಬನ್ನಿ," ಎಂದ. ಬಾರೋ ಎನ್ನುತ್ತಿದ್ದವನ ಬಾಯಲ್ಲಿ ಬನ್ನಿ ಕೇಳಿದಾಗ ಹೆಗಲ ಮೇಲಿನ ಪೈಪು ಇದ್ದಕ್ಕಿದ್ದಂತೆ ಭಾರವಾಯಿತು. ಸ್ಟೂಲು ಒರೆಸಿ ಕೊಟ್ಟ. ಚೀಟಿ ಓದಿದ.

"ಯಾರ ಗಾಡಿ?"

"ಮನೆಯವಳದು."

ಮೇಸ್ತ್ರಿ ಚೀಟಿಯನ್ನು ಮೇಜಿನ ಮೇಲಿಟ್ಟ. "ಅವರೇ ಓಡಿಸ್ತಾರಾ?"

"ಹೂಂ."

"ಹಾಗಿದ್ರೆ ನಾನು ಮಾಡೋದು ಬೇಡ. ಬೇರೆ ಯಾರಾದ್ರೂ..."

"ಬೇರೆ ಯಾರೂ ಇಲ್ಲ. ನೀವೇ ಮಾಡ್ಬೇಕು." ತನ್ನ ಬಾಯಲ್ಲೂ ನೀವು ಬಂದದ್ದು ಇವನಿಗೆ ಕೇಳಿಸಿತು.

ಮೇಸ್ತ್ರಿ ಕೆಲಸ ಶುರು ಮಾಡಿದ. ಪೈಪಿಗೆ ಸಣ್ಣ ಮರಳು ತುಂಬಿ, ಎರಡೂ ಕಡೆ ಬೆಣೆ ಬಡಿದು, ಅಚ್ಚಿನ ಮೇಲೆ ನಿಧಾನವಾಗಿ ಬಗ್ಗಿಸಿದ. ಒಂದು ಸುಕ್ಕಿಲ್ಲ. ಕೈ ಅದೇ ಕೈ, ಅಷ್ಟೇ ಚೆಂದ. ಆದರೆ ಪ್ರತಿ ಹೆಜ್ಜೆಗೂ ನಿಲ್ಲುತ್ತಿದ್ದ, ಅಳೆದದ್ದನ್ನು ಮತ್ತೆ ಅಳೆಯುತ್ತಿದ್ದ, ಬೆಳಕಿಗೆ ಹಿಡಿಯುತ್ತಿದ್ದ, ಸ್ಲೇಟಿನ ಮೇಲೆ ಗೆರೆ ಎಳೆಯುತ್ತಿದ್ದ. ಮೊದಲೆಲ್ಲ ಹಾಡು ಗುನುಗುತ್ತ ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಎರಡು ಉದ್ದ ಪೈಪು, ಮುಂದಿನ ತಿರುವಿಗೆ ಎರಡು ಗಿಡ್ಡ ತುಂಡು, ಒಟ್ಟು ಎಂಟು ತುದಿ. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಕಡೆಗೆ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿಟ್ಟ.

"ಒಂದೊಂದಾಗಿ ಹೆಬ್ಬೆರಳಾಡ್ಸಿ ನೋಡಿ. ಉಬ್ಬು ಇದ್ರೆ ಇದೆ ಅನ್ನಿ. ಬಾಯಿ ಬಿಟ್ಟು ಅನ್ಬೇಕು. ಅನ್ನದೆ ಇದ್ರೆ ನಾನು ಪೈಪು ಕೊಡಲ್ಲ. ಎಲ್ಲರಿಗೂ ಹೀಗೇ."

ಇವನು ಮೊದಲ ತುದಿಗೆ ಹೆಬ್ಬೆರಳಿಟ್ಟ. "ಇದೆ." ಮೇಸ್ತ್ರಿ ಸ್ಲೇಟಿನಲ್ಲಿ ಒಂದು ಗೆರೆ ಎಳೆದ. "ಇದೆ." ಇನ್ನೊಂದು ಗೆರೆ. ಛತ್ರಿಯವನು ತಲೆ ಎತ್ತದೆ ಮುಗುಳ್ನಗುತ್ತಿದ್ದ, ಅವನಿಗೆ ಇದು ದಿನದ ತಮಾಷೆ. ಐದನೆಯದಕ್ಕೆ ಬಂದಾಗ ಇವನ ಹೆಬ್ಬೆರಳು ಉಬ್ಬಿನ ಮೇಲೆ ನಿಂತಿತು. ಈಗ ಹೇಳಿಬಿಡಬೇಕು ಅನ್ನಿಸಿತು. ಆರು ಆಗಲಿ. ಏಳು ಆಗಲಿ. "ಇದೆ," ಎಂದ ಎಂಟನೆಯ ಸಲ.

ಮೇಸ್ತ್ರಿ ಪೈಪುಗಳಿಗೆ ದಾರ ಕಟ್ಟುತ್ತ, ಯಾರಿಗೋ ಹೇಳುವವನ ಹಾಗೆ ಹೇಳಿದ. "ಅವತ್ತಿಂದು ನನಗೆ ನೆನಪೇ ಇಲ್ಲ ನೋಡಿ. ಎಂಟು ವರ್ಷದಿಂದ ನೆನಪು ಮಾಡ್ಕೊಳ್ತಾನೇ ಇದೀನಿ. ನಾಲ್ಕೂ ಎಬ್ಬಿಸಿದ ಹಾಗೇ ಅನ್ನಿಸುತ್ತೆ. ಆದ್ರೆ ಪೈಪು ಕಣ್ಣಾರೆ ನೋಡಿದ್ನಲ್ಲ. ಅಂದ್ಮೇಲೆ ನನ್ನ ತಲೇನೇ ಸುಳ್ಳು ಹೇಳ್ತಿದೆ ಅಂತಾಯ್ತು. ಮನೇಲಿ ಬೀಗ ಹಾಕಿದ್ನಾ ಅಂತ ದಾರೀಲಿ ಮೂರು ಸಲ ವಾಪಸು ಹೋಗ್ತೀನಿ."

"ಹಳೇದು ಬಿಡಿ," ಎಂದ ಇವನು. ಬೇರೆ ಏನಾದರೂ ಹೇಳಬಹುದಿತ್ತು, ಸುಮ್ಮನಾದರೂ ಇರಬಹುದಿತ್ತು. ಹಳೇದು ಬಿಡಿ ಎಂದ, ಕ್ಷಮಿಸುವವನ ದನಿಯಲ್ಲಿ. ಬೀದಿ ದಾಟುವವರೆಗೆ ಅವನಿಗೆ ತನ್ನ ಆ ದನಿಯ ಬಗ್ಗೆ ಎಷ್ಟು ಹೇಸಿಗೆಯಾಯಿತೆಂದರೆ, ಎದುರು ಬಂದ ನಾಯಿ ಕೂಡ ದಾರಿ ಬಿಟ್ಟಿತು ಅನ್ನಿಸಿತು.

ಪೈಪುಗಳು ಎಳೆದು ಕೂರಿಸಬೇಕಾಗದ ಹಾಗೆ ಕೂತವು. ಬಾಗಿಲ ಕೆಳಗಿನ ಅಂಚಿಗೆ ಒತ್ತಿ, ರಬ್ಬರ್ ಪಟ್ಟಿ ಸುತ್ತಿ ಕೊಂಡಿ ಹಾಕಿದ. ಪೈಪಿನೊಳಗೆ ಗಾಳಿ ನಿಲ್ಲಬಾರದೆಂದು ಮುಂದಕ್ಕೆ ತುಸು ಏರು ಕೊಟ್ಟ. ಹೋಸು ಪ್ರತಿ ಉಬ್ಬನ್ನು ದಾಟುವಾಗ ಹೆಬ್ಬೆರಳಿನ ಕೆಳಗೆ ಗೊತ್ತಾಗುತ್ತಿತ್ತು. ಐದೂವರೆಗೆ ಗೇಟಿನ ಸದ್ದಾಯಿತು. ಅವನು ಕಾರಿನ ಕೆಳಗೆ ಅಂಗಾತ ಮಲಗಿದ್ದ. ಅಲ್ಲಿಂದ ಅವನಿಗೆ ಕಂಡದ್ದು ಅವಳ ಎರಡು ಕಾಲು ಮಾತ್ರ, ಬೂದುಬಣ್ಣದ ಚೀಲ, ಸವೆದ ಚಪ್ಪಲಿ.

"ಹಾಕೇಬಿಟ್ರಾ! ಯಾವುದು ಕೊನೆಗೆ?"

"ಸ್ಟೀಲು."

"ಸ್ಟೀಲು ಬಗ್ಗಿಸೋರು ಯಾರು ಸಿಕ್ಕಿದ್ರು?" ಅವಳ ಕಾಲು ನಿಂತಿತು. "ಅವನ ಹತ್ರನಾ? ಮತ್ತೆ ಅವನ ಕೈಗೆ ಕೊಟ್ರಾ? ಸರಿಯಾಗಿ ನೋಡಿದ್ರಿ ತಾನೆ, ಎಲ್ಲಾ ತುದೀನೂ?"

"ಅವನು ಅವತ್ತೂ ಸರಿಯಾಗೇ ಮಾಡಿದ್ದ," ಎಂದ ಅವನು.

ಮುಖ ಕಾಣದ್ದರಿಂದ ಹೇಳಿದನೋ ಏನೋ. ಒಮ್ಮೆ ಶುರುವಾದ ಮೇಲೆ ಕಷ್ಟವೇ ಆಗಲಿಲ್ಲ, ಅದೂ ಒಂದು ಅವಮಾನ. ಅಳತೆ ತಪ್ಪಿದ್ದು, ಕೊಯ್ದದ್ದು, ಅರ ಹಾಕಿದ್ದು, ಎರಡು ಕ್ಲಿಪ್ಪು, ಆಸ್ಪತ್ರೆಯಲ್ಲಿ ಅವಳ ಅಣ್ಣನಿಗೆ ಹೇಳಿದ್ದು, ಎಲ್ಲ ಎರಡು ನಿಮಿಷಕ್ಕೆ ಮುಗಿಯಿತು. ತುಂಡು ವಾಷರಿನ ಡಬ್ಬಿಯಲ್ಲಿದೆ ಎಂದೂ ಹೇಳಿದ. ಅವಳ ಕಾಲು ಅಲ್ಲಾಡಲಿಲ್ಲ. ಎಂಜಿನ್ನಿನಿಂದ ಎಲ್ಲೋ ಒಂದು ಹನಿ ಎಣ್ಣೆ ಅವನ ಕೆನ್ನೆಯ ಮೇಲೆ ಬಿತ್ತು. ಒರೆಸಿಕೊಳ್ಳಲು ಧೈರ್ಯವಾಗಲಿಲ್ಲ.

"ಹೊರಗೆ ಬನ್ನಿ."

ಬಂದ. ಅವಳು ಅಳುತ್ತಿರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಮುಖ ಅಳೆಯುವ ಹಾಗೆ ನೋಡುತ್ತಿದ್ದಳು.

"ನಾನು ಅವರ ಅಂಗಡಿ ಮುಂದೆ ನಿಂತು ಏನೇನು ಅಂದೆ, ಗೊತ್ತಾ ನಿಮಗೆ?"

"ಗೊತ್ತು."

"ನಿನ್ನ ಕೈ ಮುರಿದು ಹೋಗ್ಲಿ ಅಂದೆ. ಅವರು ತಲೆ ತಗ್ಗಿಸಿ ನಿಂತಿದ್ರು. ಮನೆಗೆ ಬಂದ ಮೇಲೆ ನೀವು ನನಗೆ ಕುಡಿಯೋಕೆ ನೀರು ಕೊಟ್ರಿ. ಸುಸ್ತಾಗಿದೀಯ ಅಂದ್ರಿ." ಅವಳು ತನ್ನ ಎಡಗಾಲನ್ನು ನೋಡಿಕೊಂಡಳು. "ಕಾಲು ಸುಟ್ಟಿದ್ದು ಹೋಗ್ಲಿ. ಅವಸರ ಮಾಡಿದ್ದು ನಾನೇ. ಆದ್ರೆ ಆ ಮಾತು ನನ್ನ ಬಾಯಿಂದ ಆಡಿಸಿದ್ರಲ್ಲ, ಅದಕ್ಕೇನು ಮಾಡ್ತೀರಿ?"

ಅವಳು ತಾನೇ ಹಲಗೆಯಿಂದ ಡಬ್ಬಿ ಇಳಿಸಿ, ವಾಷರುಗಳನ್ನು ನೆಲಕ್ಕೆ ಸುರಿದು, ತುಂಡನ್ನು ಹೆಕ್ಕಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಎರಡೂ ಕಾಲುಚೀಲ ಬಿಚ್ಚಿಟ್ಟು ಚಪ್ಪಲಿ ಮೆಟ್ಟಿದಳು. ಎಡಪಾದದ ಮೇಲೆ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು.

"ನಡೀರಿ. ಅವತ್ತು ಅಲ್ಲಿ ಯಾರ್ಯಾರಿದ್ರೋ ಅವರೆಲ್ಲರ ಮುಂದೆ ನೀವೇ ಹೇಳ್ಬೇಕು. ನಾನು ನಿಂತ್ಕೊಂಡು ಕೇಳ್ತೀನಿ."

ಕಾರಿಗೆ ಇನ್ನೂ ನೀರು ತುಂಬಿರಲಿಲ್ಲ. ನಡೆದೇ ಹೋದರು, ಅವಳು ಮುಂದೆ, ಅವನು ಹಿಂದೆ. ಟೈರಿನವನ ಅಂಗಡಿಯ ಮುಂದೆ ಅವಳು ನಿಂತಳು. ಅವನು ಹೇಳಿದ. ಟೈರಿನವನು ಕೈಯಲ್ಲಿದ್ದ ಟ್ಯೂಬನ್ನು ನೀರಿನ ತೊಟ್ಟಿಗೆ ಬಿಟ್ಟು ಅವರ ಹಿಂದೆ ಬಂದ. ಎದುರಿನ ಚಹಾದಂಗಡಿಯವನಿಗೂ ಇವನೇ ಹೇಳಿದ. ಲೇತ್ ಅಂಗಡಿ ತಲುಪುವ ಹೊತ್ತಿಗೆ ನಾಲ್ಕೈದು ಜನ ಆಗಿದ್ದರು. ಮೇಸ್ತ್ರಿ ಬಾಗಿಲು ಹಾಕುತ್ತಿದ್ದವನು ಅವಳನ್ನು ಕಂಡು, ಅವಳ ಚೀಲವಿಲ್ಲದ ಕಾಲನ್ನು ಕಂಡು, ಗೋಡೆಗೆ ಸರಿದು ನಿಂತ. ಇವನು ಆ ಬೀದಿಯಲ್ಲಿ ಮೂರನೆಯ ಸಲ ಹೇಳಿದ. ಈ ಸಲ ಮಾತು ತಡವರಿಸಿತು, ಒಂದೂವರೆ ಇಂಚು ಎನ್ನುವಾಗ ದನಿ ಬಿದ್ದುಹೋಯಿತು.

ಹೆಂಡತಿ ಮುಂದೆ ಹೋಗಿ, "ತಪ್ಪು ಮಾತಾಡ್ಬಿಟ್ಟೆ ಅಣ್ಣಾ," ಎಂದು ತುಂಡನ್ನು ಮೇಸ್ತ್ರಿಯ ಅಂಗೈ ಮೇಲಿಟ್ಟಳು.

ಮೇಸ್ತ್ರಿ ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದ. ನೋಡಿದ್ದು ಸಾಲದೆ ಕಣ್ಣು ಮುಚ್ಚಿಕೊಂಡು ಅದರ ಸುತ್ತ ಹೆಬ್ಬೆರಳಾಡಿಸಿದ, ಒಂದು ಸುತ್ತು, ನಿಧಾನವಾಗಿ, ಶುರುಮಾಡಿದ ಜಾಗಕ್ಕೆ ವಾಪಸು ಬರುವವರೆಗೆ.

"ಇದೆ," ಎಂದ.